ಹಿಪ್ಪುನೇರಳೆ ತಿಂದು ಮುಗಿಸಿದ ಓಟ

ದಿನಕ್ಕೆ ಮುಕ್ಕಾಲು ಗಂಟೆ ನಡೆಯಬೇಕು ಎಂದು ಕೋಲಾರದ ಡಾಕ್ಟರು ಹೇಳಿದಾಗ ನನಗೆ ಕಾಯಿಲೆಗಿಂತ ಆ ಮಾತೇ ಹೆಚ್ಚು ನೋವು ಮಾಡಿತು. ಕೋಳಿ ಕೂಗುವ ಹೊತ್ತಿಗೆ ಎದ್ದು ರೇಷ್ಮೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಹುಳುಮನೆಗೆ ಹಾಕಿ, ಮತ್ತೆ ತೋಟಕ್ಕೆ ಹೋಗುವವನು ನಾನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ದಿನದಿಂದ ಕೂತು ಉಂಡವನಲ್ಲ. ಅಂಥವನಿಗೆ ಈ ಹುಡುಗ, ತಿರುಗುವ ಕುರ್ಚಿಯಲ್ಲಿ ಕೂತುಕೊಂಡು, "ಸ್ವಲ್ಪ ಓಡಾಡಿ ಯಜಮಾನ್ರೇ, ಮೈಗೆ ವ್ಯಾಯಾಮ ಬೇಕು" ಅನ್ನುತ್ತಾನೆ.

"ಸೊಪ್ಪಿನ ಹೊರೆ ಹೊತ್ತಿದ್ದೀಯೇನಪ್ಪಾ ಯಾವತ್ತಾದ್ರೂ?" ಎಂದು ಕೇಳಿದೆ.

"ಅದು ಕೆಲಸ. ಇದು ವ್ಯಾಯಾಮ" ಎಂದು ಮಾತ್ರೆ ಬರೆದುಕೊಟ್ಟ. ಮಾತ್ರೆ ನುಂಗಿದ ಮೇಲೆ ತಪ್ಪದೆ ಊಟ ಮಾಡಬೇಕಂತೆ. ಕೈ ನಡುಗಿ, ಬೆವರು ಕಿತ್ತುಕೊಂಡು ಬಂದರೆ ತಕ್ಷಣ ಏನಾದರೂ ಸಿಹಿ ತಿನ್ನಬೇಕಂತೆ. ಮೈಯಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂದು ಬೈದವನೇ ಸಿಹಿ ತಿನ್ನು ಅಂದದ್ದರಿಂದ, ಅವನ ಮೇಲೆ ಇದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು.

ಮನೆಗೆ ಬಂದವನೇ ಹೆಂಡತಿಯ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಊರಿನ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಅದಕ್ಕೆ ಕಾರಣವಿತ್ತು. ನಮ್ಮೂರಲ್ಲಿ ಶುಗರ್ ಬಂದವರನ್ನೆಲ್ಲ ಹತ್ತು ವರ್ಷದಿಂದ ಅರಳಿಕಟ್ಟೆಯ ಮೇಲೆ ಆಡಿಕೊಂಡವನು ನಾನೇ. ಅದು ಮೈ ಬಗ್ಗಿಸದವರ ಕಾಯಿಲೆ ಎಂದು ಊರಿಗೆಲ್ಲ ಹೇಳಿದವನೂ ನಾನೇ.

"ನನ್ನ ತಮ್ಮನಿಗೂ ಹೇಳ್ಬಾರ್ದಾ?" ಎಂದಳು.

"ಅವನಿಗಂತೂ ಹೇಳ್ಲೇಬಾರ್ದು."

ಅವಳ ತಮ್ಮ ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಬಾಯಿ ದೊಡ್ಡದು. ಆ ವಾರವೇ ಬಂದ. ಅವರ ಕಂಪನಿಯವರು ಒಂದು ಸಾಹಸದ ಓಟಕ್ಕೆ ತಂಡ ಕಳಿಸುತ್ತಿದ್ದರಂತೆ. ಬೆಟ್ಟ ಹತ್ತಿ ಇಳಿಯಬೇಕು, ಟ್ಯೂಬಿನ ಮೇಲೆ ಕೂತು ಕೆರೆ ದಾಟಬೇಕು, ಆಮೇಲೆ ಸೈಕಲ್ಲಿನಲ್ಲಿ ಮಣ್ಣುದಾರಿ ಹಿಡಿದು ಸಂಜೆ ನಾಲ್ಕರೊಳಗೆ ಮೈದಾನಕ್ಕೆ ಬಂದು ಸೇರಬೇಕು. ತಂಡಕ್ಕೆ ಮೂರು ಜನ. ಮೂವರೂ ಒಟ್ಟಿಗೆ ಗೆರೆ ದಾಟಿದರೆ ಉಂಟು, ಒಬ್ಬ ಕೂತರೆ ಮೂವರೂ ಇಲ್ಲ. ಇವನ ತಂಡದ ಮೂರನೆಯವನ ಕಾಲು ಉಳುಕಿತ್ತು.

"ಊರ್ ಗೊತ್ತಿರೋರು ಒಬ್ರು ಬೇಕು ಭಾವ. ನಿಮ್ ಹೆಸರು ಕೊಟ್ಟಿದೀನಿ. ನಮ್ ಭಾವ ಹುಲಿ ಇದ್ದಂಗೆ ಅಂತ ಹೇಳ್ಬಿಟ್ಟಿದೀನಿ."

ನನಗೆ ಆ ಡಾಕ್ಟರನ ತಿರುಗುವ ಕುರ್ಚಿ ನೆನಪಾಯಿತು. ಒಪ್ಪಿಕೊಂಡೆ.

ಅರ್ಜಿಯನ್ನು ಭಾಮೈದನೇ ತುಂಬಿದ. "ಕಾಯ್ಲೆ ಏನಾದ್ರೂ ಐತಾ ಭಾವ?" ಎಂದು ಕೇಳಿದ.

"ನಂಗಾ?" ಎಂದೆ.

ಅವನು ನಕ್ಕು 'ಇಲ್ಲ' ಎಂದು ಬರೆದ. ಒಲೆಯ ಮುಂದೆ ಹಾಗಲಕಾಯಿ ರಸ ಹಿಂಡುತ್ತಿದ್ದ ನನ್ನ ಹೆಂಡತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ತಯಾರಿ ಒಂದೂವರೆ ತಿಂಗಳು ನಡೆಯಿತು. ಕೆಲಸವಿಲ್ಲದೆ ಓಡುವುದು ಎಂಥ ನಾಚಿಕೆಯ ವಿಷಯವೆಂದು ನನಗೆ ಗೊತ್ತಿರಲಿಲ್ಲ. ಕೆರೆಕಟ್ಟೆಯ ಮೇಲೆ ಮೊದಲ ದಿನ ಓಡಿದಾಗ ಎಮ್ಮೆ ಮೇಯಿಸುತ್ತಿದ್ದವನು, "ಏನ್ಲಾ, ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಾವ್ರಾ?" ಎಂದು ದೊಣ್ಣೆ ಹಿಡಿದು ಎದ್ದು ನಿಂತ. ಮರುದಿನದಿಂದ ಕೈಯಲ್ಲಿ ಒಂದು ಕುಡುಗೋಲು ಹಿಡಿದು ಓಡಿದೆ. ಕುಡುಗೋಲು ಹಿಡಿದವನು ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ಜನ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಎದುರಿಗೆ ಬಂದವರು ಗದ್ದೆಗೆ ಇಳಿದು ದಾರಿ ಬಿಟ್ಟರು. ಯಾರ ಜೊತೆ ಜಗಳ ಎಂದು ಕೇಳಲು ಇಬ್ಬರು ಮನೆಗೇ ಬಂದರು.

ತಂಡದ ಇನ್ನೊಬ್ಬಳು ಶ್ರೀನಿವಾಸಪುರದ ಕಡೆಯ ಹುಡುಗಿ. ಅದೇ ಕಂಪನಿಯಲ್ಲಿ ಎಂಜಿನಿಯರು. ಹೋದ ವರ್ಷ ಇದೇ ಓಟದಲ್ಲಿ ಗೆರೆ ಕಾಣುವಷ್ಟು ಹತ್ತಿರ ಬಂದಾಗ ಜೊತೆಯವನು ಕೂತುಬಿಟ್ಟು ಇವಳ ಶ್ರಮವೆಲ್ಲ ಮಣ್ಣುಪಾಲಾಗಿತ್ತು. ಪಂಚೆ ಮೇಲೆ ಕಟ್ಟಿಕೊಂಡು ಬಂದ ನನ್ನನ್ನು ಕಂಡವಳೇ ಭಾಮೈದನ ಕಡೆ ತಿರುಗಿ, "ಈಯನ್ನ ಎಕ್ಕಡನಿಂಚಿ ತೆಚ್ಚಿನಾವು?" ಎಂದಳು. ಎಲ್ಲಿಂದ ಹಿಡಿದು ತಂದೆ ಇವನನ್ನ ಎಂದು ತೆಲುಗಿನಲ್ಲಿ ಕೇಳಿದರೆ ನನಗೆ ತಿಳಿಯುವುದಿಲ್ಲ ಎಂದುಕೊಂಡಿರಬೇಕು.

"ಇಕ್ಕಡನಿಂಚೇನಮ್ಮಾ" ಎಂದೆ, ಇಲ್ಲಿಂದಲೇ ಎಂದು ನಾನೂ ತೆಲುಗಿನಲ್ಲೇ.

ನಾಲಿಗೆ ಕಚ್ಚಿಕೊಂಡಳು. ಆಮೇಲೆ, "ಅಣ್ಣಾ, ಒಂದೇ ಮಾತು. ಈ ಸಲ ಯಾರೂ ಕೂತ್ಕೋಬಾರ್ದು" ಎಂದಳು.

"ನಾನು ಊಟಕ್ಕೇ ಕೂತ್ಕೊಳೋದು ಕಷ್ಟ ಕಣಮ್ಮಾ" ಎಂದು ಮಾತು ಕೊಟ್ಟೆ.

ಓಟದ ಭಾನುವಾರ ನನಗೆ ಬಿಡುವು ಇರುವಂತೆ ಹುಳದ ಲೆಕ್ಕವನ್ನೂ ಹಾಕಿದ್ದೆ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆ ಹೊತ್ತು ಸೊಪ್ಪು ಹಾಕುವಂತಿಲ್ಲ. ನಾಲ್ಕನೇ ಜ್ವರ ಸರಿಯಾಗಿ ಭಾನುವಾರಕ್ಕೆ ಬೀಳುತ್ತಿತ್ತು. ಆದರೆ ಆ ವರ್ಷ ಶಿವರಾತ್ರಿಗೆ ಮುಂಚೆಯೇ ಬಿಸಿಲು ಏರಿ, ಹುಳು ನನ್ನ ಲೆಕ್ಕ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಾಗ ಹೆಂಡತಿ ಹುಳುಮನೆಯಿಂದ ಕೂಗಿದಳು. "ರೀ, ಎಲ್ಲಾ ಎದ್ಬಿಟ್ಟವೆ! ಬಾಯಿ ಬಿಟ್ಕೊಂಡು ಕಾಯ್ತಾವೆ!"

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಜ್ವರದಿಂದ ಎದ್ದ ಹುಳಕ್ಕೆ ಮೊದಲ ಸೊಪ್ಪು ಬೀಳುವ ತನಕ ಮನೆಯವರು ಯಾರೂ ತುತ್ತು ಎತ್ತುವುದಿಲ್ಲ. ನನ್ನ ತಾತನ ಕಾಲದಿಂದ ನಡೆದು ಬಂದದ್ದು. ಮುದ್ದೆ ಮುಚ್ಚಿಟ್ಟು ತೋಟಕ್ಕೆ ಓಡಿದೆ. ಮೂರು ಹೊರೆ ತಂದು ಹಾಕಿ ಕೈ ತೊಳೆಯುವಷ್ಟರಲ್ಲಿ ಕಂಪನಿಯ ಬಸ್ಸು ಹಾರ್ನ್ ಹೊಡೆಯಿತು. ಹತ್ತಿ ಕೂತೆ. ಅವಸರದಲ್ಲಿ ಅಂಗಿ ಬದಲಾಯಿಸಿದ್ದರಿಂದ, ಹೆಂಡತಿ ಜೇಬಿಗೆ ಹಾಕಿದ್ದ ಬೆಲ್ಲದ ತುಂಡು ಗೂಟಕ್ಕೆ ಹಾಕಿದ ಅಂಗಿಯಲ್ಲೇ ಉಳಿಯಿತು.

ಬೆಟ್ಟದಲ್ಲಿ ನಾನು ಹುಲಿಯೇ. ಬೆಂಗಳೂರಿನಿಂದ ಬಂದ ತಂಡಗಳು ನಕ್ಷೆ ಬಿಡಿಸಿಕೊಂಡು ಬಂಡೆ ಎಣಿಸುತ್ತಿದ್ದರೆ, ಕುರಿ ಇಳಿಯುವ ದಾರಿ ಹಿಡಿದು ನಮ್ಮವರನ್ನು ಆಚೆ ಕಡೆ ಇಳಿಸಿಬಿಟ್ಟೆ. ಅಲ್ಲಿ ಆ ಹುಡುಗಿ ಕಡಲೆಕಾಯಿ ಚಿಕ್ಕಿ ತೆಗೆದು ಕೊಟ್ಟಳು.

"ನಾನು ಸಿಹಿ ಮುಟ್ಟಲ್ಲ" ಎಂದೆ, ವ್ರತ ಹಿಡಿದವನ ಹಾಗೆ.

"ನೋಡು, ಅದಕ್ಕೇ ಭಾವ ಹಿಂಗವ್ರೆ" ಎಂದು ಭಾಮೈದ ನನ್ನ ಪಾಲನ್ನೂ ತಿಂದ.

ಕೆರೆ ದಾಟುವಾಗ ಕೈ ನಡುಗತೊಡಗಿತು. ನೀರಿನ ಚಳಿ ಎಂದುಕೊಂಡೆ. ಸೈಕಲ್ ಹತ್ತಿದ ಮೇಲೆ ಬೆವರು ಸುರಿಯಿತು. ಬಿಸಿಲು ಎಂದುಕೊಂಡೆ. ಆಮೇಲೆ ಸಿಟ್ಟು ಬಂತು, ಅದೂ ಯಾರ ಮೇಲೆ, ಸೈಕಲ್ಲಿನ ಬೆಲ್ಲಿನ ಮೇಲೆ. ಹುತ್ತೂರಿನ ಕಡೆಯ ಕವಲುದಾರಿಯಲ್ಲಿ, ನಾನು ಹುಟ್ಟಿದಾಗಿನಿಂದ ಓಡಾಡಿದ ಜಾಗದಲ್ಲಿ, ನಿಂತುಕೊಂಡು ನಕ್ಷೆ ಕೇಳಿದೆ.

"ಅಣ್ಣಾ, ತಲೆಕೆಳಗೆ ಹಿಡ್ದಿದೀರ" ಎಂದಳು ಹುಡುಗಿ.

"ನಿಮ್ ಕಂಪ್ನಿಯವರು ತಲೆಕೆಳಗೆ ಬರ್ದವ್ರೆ! ನಾನು ಮನೆಗೆ ಹೋಗ್ತೀನಿ, ಸೊಪ್ಪು ಕೊಯ್ಬೇಕು."

ನನ್ನ ಕಾಲು ಮಡಿಚಿಕೊಂಡಿತು. ಕೂರುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ಸೈಕಲ್ಲನ್ನೇ ತಬ್ಬಿಕೊಂಡು ನಿಂತೆ. ಆಗ ಆ ತಿರುಗುವ ಕುರ್ಚಿಯ ಹುಡುಗನ ಮಾತು ತಲೆಗೆ ಬಂತು. ಕೈ ನಡುಕ, ಬೆವರು, ಸಿಹಿ.

"ಚಿಕ್ಕಿ" ಎಂದೆ.

"ಮುಗೀತಲ್ಲ ಭಾವ. ಯಾಕೆ?"

ಹೇಳಲೇಬೇಕಾಯಿತು. "ನಂಗೆ ಶುಗರ್ ಕಣ್ಲಾ."

ಭಾಮೈದನ ದೊಡ್ಡ ಬಾಯಿ ಮೊದಲ ಸಲ ಮಾತಿಲ್ಲದೆ ತೆರೆದುಕೊಂಡಿತು. ಹುಡುಗಿ ಮಾತ್ರ ಸುತ್ತ ಕಣ್ಣಾಡಿಸಿ, "ಅಲ್ಲಿ!" ಎಂದು ಓಡಿದಳು. ಬದುವಿನ ಮೇಲೆ ಮರವಾಗಿ ಬೆಳೆಯಲು ಬಿಟ್ಟ ಹಿಪ್ಪುನೇರಳೆ ಗಿಡ, ನಮ್ಮ ರೇಷ್ಮೆ ಸೊಪ್ಪಿನದೇ, ತುಂಬ ಕಪ್ಪು ಹಣ್ಣು. ಮೂವತ್ತು ವರ್ಷ ಆ ಗಿಡದ ಎಲೆಯನ್ನೇ ನೋಡಿದ ನನಗೆ ಅದರಲ್ಲಿ ತಿನ್ನುವಂಥದ್ದೂ ಒಂದು ಇದೆ ಎಂಬುದು ಮರೆತೇ ಹೋಗಿತ್ತು. ತೋಟದ ಅಜ್ಜಿ ದೂರದಿಂದಲೇ, "ಸೊಪ್ಪು ಮುಟ್ಟೀರಾ ಹುಷಾರ್! ಹಣ್ಣು ಬೇಕಾದ್ರೆ ಎಷ್ಟಾದ್ರೂ ತಿನ್ಕೊಳಿ!" ಎಂದು ಕೂಗಿದಳು. ಅವಳೂ ನಮ್ಮ ಹಾಗೆ ರೇಷ್ಮೆ ಬೆಳೆಯುವವಳೇ, ಎಲೆಗೆ ಮಾತ್ರ ಬೆಲೆ.

ಹುಡುಗಿ ಕೊಂಬೆ ಬಗ್ಗಿಸಿದಳು, ನಾನು ಮೇಕೆಯ ಹಾಗೆ ಬಾಯಿ ಹಾಕಿದೆ. ನನಗೆ ಧೈರ್ಯ ಬರಲಿ ಎಂದು ಅವರೂ ತಿಂದರು. ಕಾಲು ಗಂಟೆ ಹೋಯಿತು. ನಡುಕ ನಿಂತಿತು. ನಕ್ಷೆ ತಾನಾಗಿಯೇ ನೆಟ್ಟಗಾಯಿತು.

"ವಾಪಸ್ ಹೋಗೋಣ್ವಾ ಅಣ್ಣಾ?" ಎಂದಳು. ಅವಳಿಗೆ ಅದನ್ನು ಹೇಳುವುದು ಎಷ್ಟು ಕಷ್ಟವಾಗಿತ್ತೆಂದು ಮುಖದಲ್ಲೇ ಕಾಣುತ್ತಿತ್ತು.

"ಇನ್ನೊಂದು ಬೊಗಸೆ ಕಿತ್ಕೊಡಮ್ಮಾ, ಜೇಬಿಗೆ" ಎಂದು ಸೈಕಲ್ ಹತ್ತಿದೆ.

ಮೈದಾನ ಮುಟ್ಟಿದಾಗ ನಾಲ್ಕಕ್ಕೆ ಇನ್ನು ಎಂಟು ನಿಮಿಷ. ಸೈಕಲ್ ಒರಗಿಸಿ ಗೆರೆಯ ಕಡೆಗೆ ಓಡಿದೆವು. ಇಪ್ಪತ್ತು ಹೆಜ್ಜೆ ಉಳಿದಿರುವಾಗ ಬಿಳಿ ಕೋಟಿನ ಒಬ್ಬ ಡಾಕ್ಟರಮ್ಮ ಎರಡೂ ಕೈ ಚಾಚಿಕೊಂಡು ನನಗೆ ಅಡ್ಡ ಬಂದಳು.

"ನಿಲ್ಲಿ! ತುಟಿ ನೀಲಿಯಾಗಿದೆ! ಆಕ್ಸಿಜನ್ ತನ್ನಿ, ಕೂರಿಸಿ ಇವರನ್ನ!"

ಇಬ್ಬರು ಕುರ್ಚಿ ಹಿಡಿದು ಓಡಿ ಬಂದರು. "ಕೂರಲ್ಲಮ್ಮಾ! ಕೂತ್ರೆ ಹೋಯ್ತು!" ಎಂದು ನಾನು ಕುರ್ಚಿಯ ಸುತ್ತ ಓಡಿದೆ. ಅವಳು ನನ್ನ ಬೆರಳು ಹಿಡಿದು ನೋಡಿದಳು. ಜೇಬಿನ ಹಣ್ಣು ತೆಗೆದು ತಿಂದ ಬೆರಳೂ ನೀಲಿ. ಅವಳ ಮುಖ ಬಿಳಿಚಿಕೊಂಡಿತು.

"ಮೇಡಂ, ರೇಷ್ಮೆ ಹಣ್ಣು ಮೇಡಂ!" ಎಂದು ನಮ್ಮ ಹುಡುಗಿ ತನ್ನ ನಾಲಿಗೆ ಚಾಚಿದಳು. ಅದೂ ನೀಲಿ. ಭಾಮೈದನೂ ಚಾಚಿದ. ನಾನೂ ಚಾಚಿದೆ. ಕಂಪನಿಯ ದೊಡ್ಡವರೆಲ್ಲ ಕೂತಿದ್ದ ಮೈದಾನದಲ್ಲಿ ಮೂವರು ಮಾರಮ್ಮನ ಹಾಗೆ ನಾಲಿಗೆ ಹೊರಗೆ ಬಿಟ್ಟು ನಿಂತೆವು.

"ಓಟದ ಮಧ್ಯೆ ಹಣ್ಣು ಯಾಕೆ ತಿಂದ್ರಿ?" ಎಂದಳು ಡಾಕ್ಟರಮ್ಮ, ಇನ್ನೂ ಬಿಡದೆ.

ಅವಳ ಪಕ್ಕದಲ್ಲೇ ಮೈಕು ಹಿಡಿದವನೊಬ್ಬ ನಿಂತಿದ್ದ. ಹುಡುಗಿ ನನ್ನ ಮುಖ ನೋಡಿದಳು. ಗಡಿಯಾರ ನೋಡಿದಳು. ಅದನ್ನು ಹೇಳಬೇಕಾದವನು ನಾನು ಎಂದು ನನಗೇ ಬಿಟ್ಟಿದ್ದಳು.

"ನಂಗೆ ಸಕ್ಕರೆ ಕಾಯಿಲೆ ಐತಮ್ಮಾ" ಎಂದೆ. "ಮಾತ್ರೆ ತಗೊಂಡು ಊಟ ಬಿಟ್ಟೆ. ಅರ್ಜೀಲಿ ಬರ್ಸಿದ್ದು ಸುಳ್ಳು."

ಮೈಕು ನನ್ನ ಮಾತನ್ನು ನಾಲ್ಕು ದಿಕ್ಕಿಗೂ ಮುಟ್ಟಿಸಿತು. ಅವಳು ಬೆರಳಿಗೆ ಸೂಜಿ ಚುಚ್ಚಿ, ಪುಟ್ಟ ಯಂತ್ರದಲ್ಲಿ ನೋಡಿ, ಉಸಿರು ಬಿಟ್ಟು, "ಈಗ ಸರಿಯಿದೆ. ಹೋಗಿ. ನಡೆದುಕೊಂಡು ಹೋಗಿ!" ಎಂದಳು. ಮತ್ತೆ ಒಬ್ಬ ಡಾಕ್ಟರ ಬಾಯಿಂದ ಅದೇ ಮಾತು. ಈ ಸಲ ಕೇಳಿದೆ. ಮೂವರೂ ಕೈ ಹಿಡಿದುಕೊಂಡು ನಡೆದೇ ಗೆರೆ ದಾಟಿದೆವು. ನಾಲ್ಕು ಹೊಡೆಯುವ ಮುಂಚೆ, ಎಲ್ಲರಿಗಿಂತ ಕೊನೆಯವರು. ಹುಡುಗಿ ಗೆರೆಯ ಆಚೆ ಹೋದವಳೇ ಧಪ್ಪನೆ ನೆಲದ ಮೇಲೆ ಕೂತು ಅತ್ತಳು, ನಕ್ಕಳು. "ಈಗ ಕೂತ್ಕೋಬಹುದಣ್ಣಾ" ಎಂದಳು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಗೆರೆ ದಾಟಿದವರಿಗೆಲ್ಲ ಕೊಟ್ಟ ಪದಕವನ್ನು ಹೆಂಡತಿ ತಿರುಗಿಸಿ ನೋಡಲೂ ಇಲ್ಲ, "ನಾಲಿಗೆ ತೋರ್ಸಿ" ಎಂದಳು. ನೋಡಿದ ಮೇಲೆ ಬೆಳಿಗ್ಗೆ ಮುಚ್ಚಿಟ್ಟ ಮುದ್ದೆಯನ್ನೇ ಮುಂದೆ ಇಟ್ಟಳು. ಹುಳುಮನೆಯಲ್ಲಿ ಎಲೆ ಕಡಿಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. ಕೂತು ಉಂಡೆ. ಈಗ ಹುಳು ಏಳಲಿ, ಬಿಡಲಿ, ಮಾತ್ರೆ ನುಂಗಿದವನ ತುತ್ತು ಮೊದಲು ಎಂದು ಕಟ್ಟಳೆ ತಿದ್ದುಪಡಿಯಾಗಿದೆ. ಸಂಜೆ ಕೆರೆಕಟ್ಟೆಯ ಮೇಲೆ ಮುಕ್ಕಾಲು ಗಂಟೆ ನಡೆಯುತ್ತೇನೆ, ಕುಡುಗೋಲು ಇಲ್ಲದೆ. ಹಿಂದೆ ನಾನು ಆಡಿಕೊಂಡಿದ್ದ ನಾಲ್ಕು ಜನ ಜೊತೆಗೆ ಬರುತ್ತಾರೆ. ಅವರು ನಿಧಾನ. ದಿನಾ ಅವರನ್ನು ಹಿಂದೆ ಹಾಕುತ್ತೇನೆ.