ಕುರಿ ಕುಡಿಯುವ ನೀರಿನಲ್ಲಿ ಹೆಸರುಕಾಳು

2025ರ ಜೂನ್ 12, ಗುರುವಾರ, ಬೆಳಗ್ಗೆ 11.20. ಒಂಬತ್ತನೇ ತರಗತಿಯ ಕಿಟಕಿ ಕಟ್ಟೆಯ ಮೇಲೆ ವಿಜ್ಞಾನದ ಮೇಡಂ ಮೂರು ತಟ್ಟೆ ಇಡಿಸಿದರು. ಒಂದೊಂದರಲ್ಲೂ ಒದ್ದೆ ಹತ್ತಿ, ಮೇಲೆ ಇಪ್ಪತ್ತು ಹೆಸರುಕಾಳು. ಮೊದಲನೆಯದಕ್ಕೆ ಬರೀ ಫಿಲ್ಟರ್ ನೀರು, ಎರಡನೆಯದಕ್ಕೆ ಲೀಟರಿಗೆ ಒಂದು ಚಮಚ ಉಪ್ಪು ಬೆರೆಸಿದ್ದು, ಮೂರನೆಯದಕ್ಕೆ ನಾಲ್ಕು ಚಮಚದ್ದು. ಎಣಿಸಿ ಬರೆಯುವ ಕೆಲಸ ನನ್ನದು.

ನನ್ನ ಬೆಂಚಿನ ಗೆಳತಿ ಬ್ಯಾಗಿನಿಂದ ಬಾಟಲಿ ತೆಗೆದು, "ನಮ್ಮ ಹೊಸ ಬೋರಿನ ನೀರೂ ಒಂದು ತಟ್ಟೆಗೆ ಹಾಕಾಣ್ರಿ ಮೇಡಂ" ಎಂದಳು. ಮೇಡಂ ನಾಲ್ಕನೇ ತಟ್ಟೆ ಇಡಿಸಿದರು. ಅವಳದು ವರವು ಕಾವಲ್ ಹುಲ್ಲುಗಾವಲಿನ ಪಕ್ಕದ ಹಳ್ಳಿ, ಕುರಿ ಕಾಯುವ ಮನೆ. ಅವಳಪ್ಪ ಮೊದಲ ಸಲ ನೀರಾವರಿಗೆ ಕೈಹಾಕಿದ್ದರು. ಈರುಳ್ಳಿ ಬೀಜ ತಂದಿಟ್ಟು, ಮುಂದಿನ ವಾರ ಬಿತ್ತುವವರಿದ್ದರು.

"ಅವ್ರ ನೀರಿದ್ರೆ ಸಾರಿಗೆ ಉಪ್ಪೇ ಬ್ಯಾಡ ಕಣ್ರಲೇ" ಎಂದ ಹಿಂದಿನ ಬೆಂಚಿನವನೊಬ್ಬ.

"ನಮ್ಮ ಕುರಿ ಕುಡೀತಾವೆ. ನಿನಗಿಂತ ಅವಕ್ಕೆ ಬುದ್ಧಿ ಐತೆ" ಎಂದಳು ಅವಳು.

ಅವರ ಮನೆಯಲ್ಲಿ ನೀರನ್ನು ಪರೀಕ್ಷಿಸುವುದೇ ಹಾಗೆ. ಮಂದೆ ಹೊಟ್ಟೆ ತುಂಬ ಕುಡಿದರೆ ಒಳ್ಳೆಯ ನೀರು, ಮೂಸಿ ಹಿಂದೆ ಸರಿದರೆ ಕೆಟ್ಟದ್ದು. ಬೋರಿನಲ್ಲಿ ನೀರು ಬಿದ್ದ ದಿನವೂ ಅಪ್ಪ ಕುರಿಗಳನ್ನೇ ಬಿಟ್ಟು ನೋಡಿದ್ದರಂತೆ.

ಸೋಮವಾರ ಎಣಿಸಿದೆ. ಫಿಲ್ಟರ್ ನೀರಿನಲ್ಲಿ ಹತ್ತೊಂಬತ್ತು ಮೊಳೆತಿದ್ದವು, ಒಂದು ಚಮಚದ್ದರಲ್ಲಿ ಎಂಟು, ನಾಲ್ಕು ಚಮಚದ್ದರಲ್ಲಿ ಒಂದೂ ಇಲ್ಲ. ಗೆಳತಿಯ ನೀರಿನಲ್ಲಿ ಹನ್ನೊಂದು, ಅವೂ ಗಿಡ್ಡ. ಅವಳು ತಾನೇ ಇನ್ನೊಮ್ಮೆ ಎಣಿಸಿದಳು.

"ಅಪ್ಪಂಗೆ ಹೆಂಗೆ ಹೇಳ್ಲಿ?" ಎಂದು ನನ್ನನ್ನು ಕೇಳಿದಳು.

ಹೇಳುವುದು ಬೇಡ, ತೋರಿಸಿದರೆ ಸಾಕು ಎಂದು ಫಿಲ್ಟರ್ ನೀರಿನದು, ಬೋರಿನದು ಎರಡೂ ತಟ್ಟೆ ಹಿಡಿದು ಸಂಜೆಯ ಬಸ್ಸಿನಲ್ಲಿ ಅವಳ ಜೊತೆ ಹೋದೆ. ಅವಳಪ್ಪ ಹಟ್ಟಿಯ ಮುಂದೆ ಕೂತು ತಟ್ಟೆಗಳನ್ನು ಬಹಳ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ.

"ಕುರಿಗೆ ಮೊದ್ಲೇ ಉಪ್ಪು ಅಂದ್ರೆ ಪ್ರಾಣ. ಬಂಡೆ ಮ್ಯಾಲೆ ಹಾಕಿ ನಾವೇ ನೆಕ್ಕಿಸ್ತೀವಿ. ಅವನ್ನ ಕೇಳಿದ್ನಲ್ಲ ನಾನು."

"ಇನ್ನ ಮ್ಯಾಲೆ ಕಾಳು ಕೇಳು" ಎಂದು ಅವಳವ್ವ ಒಳಗಿನಿಂದ ಅಂದರು.

ಅಪ್ಪ ಚೀಲ ಬಿಚ್ಚಿ ಒಂದು ಚಿಟಿಕೆ ಈರುಳ್ಳಿ ಬೀಜ ನನ್ನ ಕೈಗಿಟ್ಟು, "ಇದನ್ನೂ ಹಾಕಿ ನೋಡವ್ವ. ಅಲ್ಲೀವರ್ಗೂ ಬಿತ್ತಲ್ಲ" ಎಂದರು.

ಹತ್ತು ದಿನಕ್ಕೆ ಫಿಲ್ಟರ್ ನೀರಿನಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂದವು, ಬೋರಿನದರಲ್ಲಿ ನಾಲ್ಕು. ಬೀಜವೆಲ್ಲ ಕೊಂಡ್ಲಹಳ್ಳಿಯಲ್ಲಿರುವ ಗೆಳತಿಯ ಸೋದರಮಾವನ ಹೊಲಕ್ಕೆ ಹೋಯಿತು. ಅಲ್ಲಿಯ ನೀರು ಸಿಹಿ. ಆದರೆ ಇಲ್ಲಿ ಹೊಲ ಹದವಾಗಿ ಕಾದಿದೆ, ಬೋರು ಹರಿಯುತ್ತಿದೆ. "ಈ ನೀರಿಗೆ ಒಗ್ಗೋ ಬೀಜ ಯಾವ್ದಾರ ಐತಾ?" ಎಂದು ಅಪ್ಪ ಮಗಳ ಕೈಲಿ ದಿನವೂ ಕೇಳಿಸುತ್ತಾರೆ.

ಈಗ ಕಿಟಕಿಯಲ್ಲಿ ಸಜ್ಜೆ ಇಟ್ಟಿದ್ದೇವೆ. ಬೋರಿನ ನೀರಿನಲ್ಲಿ ಇಪ್ಪತ್ತಕ್ಕೆ ಹದಿಮೂರು ಮೊಳೆತಿವೆ. ತಟ್ಟೆಯಲ್ಲಿ ಮೊಳೆತದ್ದೆಲ್ಲ ಹೊಲದಲ್ಲಿ ನಿಲ್ಲುತ್ತದೆ ಎನ್ನಲಾಗದು ಎನ್ನುತ್ತಾರೆ ಮೇಡಂ. ಉಪ್ಪು ನೀರು ಕಟ್ಟಿ ಬೆಳೆ ತೆಗೆದವರು ಇದನ್ನು ಓದುತ್ತಿದ್ದರೆ, ಯಾವ ಬೀಜ, ಎಂಥ ಮಣ್ಣು, ಎಷ್ಟು ಬಂತು ಎಂದು ದಯವಿಟ್ಟು ಬರೆದು ತಿಳಿಸಿ.