ಭಾವ ಎತ್ತುವುದನ್ನು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಭಾವ ಜಿಮ್ಮಿಗೆ ಹೋದದ್ದರಿಂದ ಯಾವ ಘನಕಾರ್ಯವೂ ಆಗಲಿಲ್ಲ. ಎದೆ ಉಬ್ಬಲಿಲ್ಲ, ವಯಸ್ಸು ಇಳಿಯಲಿಲ್ಲ, ಅಂದುಕೊಂಡದ್ದೂ ನಡೆಯಲಿಲ್ಲ. ಮನಸ್ಸಿದ್ದರೆ ಮಾರ್ಗ ಎಂದು ಗೋಡೆಯ ಮೇಲೆ ಬರೆಸಿಕೊಳ್ಳುವವರು ಬೇರೆ ಯಾರ ಹತ್ತಿರವಾದರೂ ಹೋಗಿ ಕಥೆ ಕೇಳಲಿ. ನಾನು ಹೇಳುವುದು ನಡೆದದ್ದನ್ನು, ಅದೂ ಸಿಟ್ಟಿನಲ್ಲಿ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಭಾವ ಗಡಿಯಾರ ರಿಪೇರಿಯವರು. ಬಸ್ ನಿಲ್ದಾಣದ ಎದುರಿಗೆ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಂಗಡಿ. ಹಿಂದೆಯೇ ಮನೆ. ಬೆಳಿಗ್ಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರೆಂದರೆ ಊಟಕ್ಕೆ ಕರೆದಾಗಲೇ ಎತ್ತುವುದು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ ಅವರು ಉಸಿರಾಡುವುದೇ ಇಲ್ಲ. ಉಸಿರು ತಾಕಿದರೆ ತಿರುಪು ಹಾರಿಹೋಗುತ್ತದೆ, ಆಮೇಲೆ ನೆಲದ ಮೇಲೆ ತೆವಳಿ ಹುಡುಕಬೇಕು. ಜೀವಮಾನವಿಡೀ ಹೀಗೆ ಉಸಿರು ಬಿಗಿಹಿಡಿದು ಕೂತ ಮನುಷ್ಯನ ಮೈಮೇಲೆ ಮಾಂಸ ಎಲ್ಲಿಂದ ಬರಬೇಕು? ಹತ್ತಿರದ ಟೀ ಅಂಗಡಿಯವನು ಅವರನ್ನು ಕಡ್ಡಿ ಪೈಲ್ವಾನ್ ಎಂದೇ ಕರೆಯುತ್ತಿದ್ದ. ಭಾವ ನಗುತ್ತಿದ್ದರು.

ನನ್ನ ಅಕ್ಕ ಅವರಿಗೆ ತದ್ವಿರುದ್ಧ. ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆ ಅಳೆದು ಕತ್ತರಿಸುತ್ತಿದ್ದಳು. ಕೂತರೆ ಕುರ್ಚಿ ತುಂಬುವ ಮೈ, ಬಾಯಿ ತೆರೆದರೆ ಬೀದಿ ತುಂಬುವ ದನಿ. ಅಂಥವಳಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಮಾತು ಸ್ವಲ್ಪ ತೊದಲಿತು, ಆದರೆ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ಅವಳು ಹೇಳಿದ ಮೊದಲ ಮಾತು, "ಅರ್ಧ ಹೆಂಡ್ತೀನ ವಾಪಸ್ ಕೊಟ್ಟಿದಾರೆ ನೋಡ್ರೀ, ಇನ್ನರ್ಧ ಇಸ್ಕೊಂಡ್ರಾ?"

ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ. ಅಕ್ಕನ ಬದುಕು ಇಷ್ಟಕ್ಕೆ ಬಂದು ನಿಂತಿತು, ಪ್ರತಿಯೊಂದಕ್ಕೂ ಅವಳನ್ನು ಯಾರಾದರೂ ಎತ್ತಬೇಕು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ನನ್ನ ಬೆನ್ನು ಎಂದೋ ಕೈಕೊಟ್ಟಿದೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತೇನೆ. ಒಂದು ದಿನ ಕೆಲಸ ಮುಗಿಸಿ ಬಂದು ನೋಡಿದರೆ ಇಬ್ಬರೂ ನೆಲದ ಮೇಲೆ. ಎತ್ತಲು ಹೋಗಿ ಭಾವ ಅವಳ ಸಮೇತ ಬಿದ್ದಿದ್ದರು. ಅಕ್ಕ ಅವರ ತೋಳಿನ ಮೇಲೆ ಬಿದ್ದಿದ್ದಳು, ತೋಳು ಬಿಡಿಸಿಕೊಳ್ಳಲು ಅವರಿಗೆ ಆಗಿರಲಿಲ್ಲ, ಕೂಗಿದರೆ ರಸ್ತೆಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಬಟ್ಟೆ ಒದ್ದೆಯಾಗಿತ್ತು. ಅಕ್ಕ ಅಂದು ಒಂದೂ ತಮಾಷೆಯ ಮಾತಾಡಲಿಲ್ಲ.

ವಿಷಯ ತಿಳಿದು ಅವರ ಮಗಳು ಬಂದಳು. ಕೆಟ್ಟವಳಲ್ಲ. ಅತ್ತು ಮುಗಿಸಿಕೊಂಡೇ ಬಂದಿದ್ದಳು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಅಪ್ಪ, ಊರಾಚೆ ಒಂದು ಆರೈಕೆ ಕೇಂದ್ರ ಇದೆ. ನೋಡ್ಕೊಳ್ಳೋಕೆ ಜನ ಇದಾರೆ. ನಿಮ್ಮ ಕೈಲಿ ಆಗಲ್ಲ."

"ಆಗುತ್ತೆ," ಎಂದರು ಭಾವ. "ಈ ವರ್ಷ ಮುಗಿಯೋವರೆಗೂ ಬಿಡು. ನಾನು ಎತ್ತಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಕರ್ಕೊಂಡು ಹೋಗು."

ಅಕ್ಕನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಕೇಳಿದರೆ, "ಅಂಕಲ್, ನಿಮ್ಮ ಕಾಲಿಗೆ ಬೆನ್ನಿಗೆ ಶಕ್ತಿ ಬರಬೇಕು. ಜಿಮ್ಮಿಗೆ ಸೇರಿ," ಎಂದಳು.

"ಜಿಮ್ಮಾ?" ಎಂದರು ಭಾವ, ಜೈಲಾ ಎಂದು ಕೇಳುವ ಹಾಗೆ.

ಜಿಮ್ ಇದ್ದದ್ದು ಅದೇ ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಯ ಮೇಲೆ. ಕೆಳಗಿನಿಂದ ನೋಡಿದರೆ ದೊಡ್ಡ ಗಾಜು, ಗಾಜಿನಾಚೆ ಓಡುವ ಕಾಲುಗಳು. ಭಾವ ದಿನಾ ಸಂಜೆ ಅಂಗಡಿ ಮುಚ್ಚಿ ಹೊರಡುವರು, ಮೆಟ್ಟಿಲ ಬುಡದವರೆಗೆ ಹೋಗುವರು, ವಾಪಸ್ ಬರುವರು.

"ಇವತ್ತು ವಿಪರೀತ ಜನ ಕಣಮ್ಮ," ಎನ್ನುವರು ಒಂದು ದಿನ. ಮರುದಿನ, "ಇವತ್ತು ಯಾರೂ ಇರಲಿಲ್ಲ. ಒಬ್ಬನೇ ಹೋದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ."

"ಯಾರೂ ಇಲ್ದಿದ್ರೆ ನೋಡೋರು ಯಾರು ಭಾವ, ನಿಮ್ಮಜ್ಜಿಯಾ?"

ಆಮೇಲೆ ಬೂಟು ಸರಿಯಿಲ್ಲ, ಆಮೇಲೆ ಪ್ಯಾಂಟು ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಹೊತ್ತಿಗೆ ಟೀ ಅಂಗಡಿಯವನೂ ನಾನೂ ಸೇರಿ ಅಕ್ಕನನ್ನು ಎತ್ತಿ ಇಳಿಸುತ್ತಿದ್ದೆವು, ಅವನ ಗಿರಾಕಿಗಳು ಕಾಯುತ್ತಿದ್ದರು, ನನ್ನ ಸೊಂಟ ಉರಿಯುತ್ತಿತ್ತು. "ಏನಾಗಿದೆ ನಿಮಗೆ? ಜಿಮ್ಮಲ್ಲೇನು ಹುಲಿ ಕಟ್ಟಿದಾರಾ?" ಎಂದು ಕೂಗಾಡಿದೆ.

ಭಾವ ಚಿಮಟ ಕೆಳಗಿಟ್ಟರು. "ಮೆಣಸಿನಕಾಯಿ," ಎಂದರು, ನನ್ನನ್ನು ಕರೆಯುವುದೇ ಹಾಗೆ. "ಅಲ್ಲಿ ಸುತ್ತ ಕನ್ನಡಿ ಇದೆ. ಈ ಕೈ ನೋಡು. ಇದನ್ನ ಎತ್ತಿ ಎಲ್ಲರಿಗೂ ತೋರಿಸಬೇಕಾ? ಎತ್ತಿದ್ದು ಕೈಜಾರಿದ್ರೆ ಧಡ್ ಅಂತ ಸದ್ದಾಗುತ್ತೆ. ಎಲ್ಲರೂ ತಿರುಗ್ತಾರೆ. ಅವಳ ಜೊತೆ ಬಿದ್ದಿದ್ದು ಸಾಲದಾ, ಊರವರ ಮುಂದೆ ಬೇರೆ ಬೀಳಬೇಕಾ?"

ಅಯ್ಯೋ ಪಾಪ ಅನ್ನಿಸಿತು. ಆದರೆ ಪಾಪ ಅಂದುಕೊಂಡು ಕೂತರೆ ಅಕ್ಕ ಊರಾಚೆ. ಮರುದಿನ ನಾನೇ ಜೊತೆಗೆ ಹೋದೆ. ಅವರನ್ನು ಮುಂದೆ ಬಿಟ್ಟು, ವಾಪಸ್ ಇಳಿಯಲು ಜಾಗ ಕೊಡದ ಹಾಗೆ ಹಿಂದೆ ನಾನು ಹತ್ತಿದೆ.

ಅಲ್ಲಿನ ತರಬೇತಿದಾರ ಎಷ್ಟು ಅಗಲವಾಗಿದ್ದನೆಂದರೆ ನಾನು ಮನಸ್ಸಿನಲ್ಲೇ ಗೋಡೆ ಎಂದು ಹೆಸರಿಟ್ಟೆ. ಗೋಡೆ ಮರ್ಯಾದೆಯಿಂದಲೇ ಕೇಳಿದ, "ಗುರಿ ಏನು ಸರ್? ತೂಕ ಇಳಿಸೋದಾ, ಮೈ ಕಟ್ಟೋದಾ?"

"ಹೆಂಡ್ತೀನ ಎತ್ತಬೇಕು," ಎಂದರು ಭಾವ.

ಹತ್ತಿರವಿದ್ದ ಇಬ್ಬರು ಹುಡುಗರು ಗೊಳ್ಳೆಂದು ನಕ್ಕರು. ಭಾವನ ಕಿವಿ ಕೆಂಪಾಯಿತು. ಗೋಡೆ ನಗಲಿಲ್ಲ. ಹೆಂಡತಿಗೆ ಏನಾಗಿದೆ ಎಂದು ಕೇಳಿದ, ನಾನು ಹೇಳಿದೆ. ಆ ಹುಡುಗರು ಬೇರೆಲ್ಲೋ ನೋಡತೊಡಗಿದರು.

ಅವತ್ತು ಕೈಗೆ ಕೊಟ್ಟದ್ದು ತೂಕವಿಲ್ಲದ ಬರೀ ಕಬ್ಬಿಣದ ಸರಳು. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ನೆಲದಿಂದ ಎತ್ತಿ ನಿಲ್ಲಬೇಕು. ಭಾವ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎಂದು ನಾನು ಹಿಗ್ಗುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು. ಗೋಡೆ ಓಡಿ ಬಂದ. "ಉಸಿರು ಬಿಡಿ ಸರ್! ಉಸಿರು!" ಎಲ್ಲಿಯ ಉಸಿರು? ಕೈಯಲ್ಲಿ ಏನೋ ಹಿಡಿದಿದ್ದೇನೆ, ಅಲುಗಬಾರದು ಎಂದ ಕೂಡಲೇ ಅವರ ಉಸಿರು ತಾನಾಗಿ ನಿಂತುಬಿಟ್ಟಿತ್ತು, ತಿರುಪು ಕೂರಿಸುವಾಗಿನ ಅದೇ ಅಭ್ಯಾಸ. ಸರಳು ಧಡಾರೆಂದು ಬಿತ್ತು, ಭಾವ ಅದರ ಪಕ್ಕದಲ್ಲಿ ಬಿದ್ದರು, ಓಡುತ್ತಿದ್ದವರೆಲ್ಲ ಯಂತ್ರ ನಿಲ್ಲಿಸಿ ತಿರುಗಿದರು. ಯಾವುದಕ್ಕೆ ಅಷ್ಟು ದಿನ ಹೆದರಿ ಮೆಟ್ಟಿಲ ಬುಡದಿಂದ ವಾಪಸ್ ಬಂದಿದ್ದರೋ ಅದಷ್ಟೂ ಒಂದೇ ಗಳಿಗೆಯಲ್ಲಿ ಆಗಿಹೋಯಿತು.

ಮನೆಗೆ ಬಂದಾಗ ಹಣೆಯ ಮೇಲೆ ಬುಗುಟೆ. ಅಕ್ಕ ನೋಡಿ, "ಅಲ್ಲಿ ಏನು ಮಾಡಿಸಿದ್ರು?" ಎಂದು ಕೇಳಿದಳು.

"ಅದರ ಹೆಸರು ಡೆಡ್‌ಲಿಫ್ಟ್ ಅಂತೆ."

"ಸತ್ತ ಮೇಲೆ ಎತ್ತೋಕೆ ನಾಲ್ಕು ಜನ ತಾವಾಗೇ ಬರ್ತಾರೆ ಕಣ್ರೀ, ನೀವೇನೂ ಕಲೀಬೇಕಾಗಿಲ್ಲ," ಎಂದು ಅಕ್ಕ ನಕ್ಕಳು. ಬಿದ್ದ ದಿನದಿಂದ ಅದೇ ಮೊದಲ ನಗು. ಬಾಯಿಯ ಓರೆಯಿಂದ ಜೊಲ್ಲು ಇಳಿಯಿತು, ಭಾವ ಒರೆಸಿದರು, ಅವರೂ ನಕ್ಕರು. ಇನ್ನು ಈ ಮನುಷ್ಯ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡೆ.

ಮರುದಿನ ಸಂಜೆ ಭಾವ ಒಬ್ಬರೇ ಹೋಗಿ ಬಂದರು. ನನಗೆ ನಂಬಿಕೆಯಾಗಲಿಲ್ಲ. "ಮೆಟ್ಟಿಲು ಹತ್ತಿದ್ರಾ?"

"ಹತ್ತಿದೆ. ಆಗಬಾರದ್ದೆಲ್ಲ ಆಗೋಯ್ತಲ್ಲ, ಇನ್ನೇನು ಉಳಿದಿದೆ ಹೆದರೋಕೆ? ಯಾರೂ ನೋಡಲ್ಲ ಮೆಣಸಿನಕಾಯಿ. ಅವರವರು ಅವರವರನ್ನೇ ಕನ್ನಡೀಲಿ ನೋಡ್ಕೋತಿರ್ತಾರೆ."

ಆಮೇಲೆ ಅವರು ತಪ್ಪಿಸಲಿಲ್ಲ. ಉಸಿರು ಹಿಡಿಯುವ ಚಾಳಿ ಬಿಡಿಸಲು ಗೋಡೆ ಒಂದು ಉಪಾಯ ಮಾಡಿದ. ಎತ್ತುವಾಗಲೆಲ್ಲ ಬಾಯಿಬಿಟ್ಟು "ಹೂಂ" ಎನ್ನಬೇಕು, ಹೂಂ ಎಂದರೆ ಉಸಿರು ಹೊರಗೆ ಬರಲೇಬೇಕು. ಅಂಗಡಿಯಲ್ಲಿ ಸಪ್ಪಳವಿಲ್ಲದೆ ಕೂರುವ ಮನುಷ್ಯ ಅಲ್ಲಿ ಎಮ್ಮೆಯ ಹಾಗೆ ಹೂಂಕರಿಸುತ್ತಿದ್ದರಂತೆ. ನಕ್ಕಿದ್ದ ಹುಡುಗರೇ ಪಕ್ಕದಲ್ಲಿ ನಿಂತು ಜೊತೆಗೆ ಹೂಂ ಎನ್ನುತ್ತಿದ್ದರಂತೆ. ಕೊನೆಕೊನೆಗೆ ಗೋಡೆ ಸರಳು ಬಿಡಿಸಿ ಮರಳು ತುಂಬಿದ ಉದ್ದನೆಯ ಚೀಲ ಕೊಟ್ಟ. "ಸರಳಿಗೆ ಹಿಡಿ ಇರುತ್ತೆ ಸರ್, ಮನುಷ್ಯರಿಗೆ ಇರಲ್ಲ. ಇದನ್ನ ಅಪ್ಕೊಂಡು ಎತ್ತಿ," ಎಂದನಂತೆ. ಒಮ್ಮೆ ನಾನು ನೋಡಲು ಹೋಗಿದ್ದೆ. ಚೀಲವನ್ನು ಬೆಂಚಿನ ಮೇಲೆ ಇಳಿಸುವಾಗ ಸ್ವಲ್ಪ ಜೋರಾಗಿ ತಾಕಿತು, ಭಾವ ಅದನ್ನು ಮೆಲ್ಲಗೆ ಸವರಿದರು. ಮುಚ್ಚಿಡುವುದೇಕೆ, ಆ ದಿನಗಳಲ್ಲಿ ನನಗೂ ಆಸೆ ಹುಟ್ಟಿತ್ತು.

ಅಷ್ಟು ದಿನವೂ ಅಕ್ಕನನ್ನು ಎತ್ತಲು ಗೋಡೆ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ. ಪೂರ್ತಿ ಕಲಿತ ಮೇಲೆಯೇ, ಎಂದಿದ್ದ. ವರ್ಷದ ಕೊನೆಗೆ ಮಗಳು ಬಂದಳು. ಭಾವ ಅಂಗಿಯ ತೋಳು ಮಡಚಿಕೊಂಡು ಹಾಸಿಗೆಯ ಪಕ್ಕ ನಿಂತರು. ಅಕ್ಕನ ಕಂಕುಳ ಕೆಳಗೆ ಕೈ ತೂರಿಸಿದರು, ಮೊಣಕಾಲು ಬಗ್ಗಿಸಿದರು, "ಹೂಂ" ಎಂದರು. ಎತ್ತಿಬಿಟ್ಟರು! ತಿರುಗಿಸಿ, ಒಂದಿಷ್ಟೂ ಜೋಲಿ ಹೊಡೆಯದೆ, ಹೂವಿನ ಬುಟ್ಟಿ ಇಳಿಸಿದ ಹಾಗೆ ಕುರ್ಚಿಯಲ್ಲಿ ಇಳಿಸಿದರು. ಮಗಳು ಬಾಯಿಗೆ ಕೈ ಹಿಡಿದು ಅಳುತ್ತಿದ್ದಳು. ನಾನು ಚಪ್ಪಾಳೆಯನ್ನೇ ತಟ್ಟಿದೆ, ದಡ್ಡಿ.

"ನೋಡಿದ್ಯಾ?" ಎಂದರು ಭಾವ ಮಗಳಿಗೆ. ಅವರ ಅಂಗಿಯ ಗುಂಡಿ ಕಿತ್ತುಬಂದಿತ್ತು. ಎತ್ತುವಾಗ ಅಕ್ಕ ಎಡಗೈಯಲ್ಲಿ ಅಲ್ಲಿ ಹಿಡಿದಿದ್ದಳು, ಗುಂಡಿಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. ಮುಖದ ಮೇಲೆ ಬೆವರು ಇಳಿಯುತ್ತಿತ್ತು.

"ನಾನು ಹೋಗ್ತೀನಿ," ಎಂದಳು ಅಕ್ಕ.

"ಎಲ್ಲಿಗೆ?"

"ಇವಳು ಹೇಳಿದ ಜಾಗಕ್ಕೆ."

"ಯಾಕೇ? ನೋವಾಯ್ತಾ? ನಾನು ಸರಿಯಾಗಿ ಎತ್ತಲಿಲ್ವಾ?"

"ಸರಿಯಾಗೇ ಎತ್ತಿದ್ರಿ ಕಣ್ರೀ. ತಪ್ಪು ನಿಮ್ಮದಲ್ಲ." ಅಕ್ಕ ತೊದಲುತ್ತ, ಒಂದೊಂದೇ ಮಾತು ಹುಡುಕಿ ಹೇಳಿದಳು. "ಅವತ್ತು ಬಿದ್ವಲ್ಲ, ಅವತ್ತಿಂದ ನೀವು ಕೈ ಚಾಚಿದ್ರೆ ಸಾಕು, ನನ್ನ ಪ್ರಾಣ ಬಾಯಿಗೆ ಬರುತ್ತೆ. ಟೀ ಅಂಗಡಿಯೋನು ಎತ್ತಿದ್ರೆ ಹಾಗಾಗಲ್ಲ. ನೀವು ಎತ್ತೋಕೆ ಬಂದ್ರೇ ಆಗುತ್ತೆ. ನೀವು ಅಷ್ಟು ಕಷ್ಟಪಟ್ಟು ಕಲೀತಿದ್ರಿ, ಹೇಗೆ ಹೇಳ್ಲಿ?"

ಭಾವ ಕುರ್ಚಿಯ ಮುಂದೆ ಮಂಡಿಯೂರಿ ಕೂತರು. "ನನಗೂ ಹೆದರಿಕೆ ಇತ್ತಲ್ಲೇ. ದಿನಾ ಹೋದೆ, ಹೋಯ್ತು. ನಿನಗೂ ಹೋಗುತ್ತೆ. ದಿನಾ ಎತ್ತುತೀನಿ."

"ನೀವು ಬಿದ್ರೆ ಎದ್ದು ಬರ್ತೀರಿ," ಎಂದಳು ಅಕ್ಕ. "ನಾನು ಏಳಲ್ಲ."

ನನಗೆ ಎಲ್ಲಿಲ್ಲದ ಕೋಪ ಬಂತು. ಇಷ್ಟು ದಿನ ಬಾಯಿಗೆ ಏನು ಬೀಗ ಹಾಕಿಕೊಂಡಿದ್ದೆ ಎಂದು ಅಕ್ಕನ ಮೇಲೆ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅವಳ ಎಡಗೈ ನೋಡಿದೆ, ಕಿತ್ತುಬಂದ ಆ ಗುಂಡಿ ಇನ್ನೂ ಮುಷ್ಟಿಯೊಳಗೇ ಇತ್ತು. ಹೆದರಿಕೆಗೆ ನ್ಯಾಯ ಹೇಳುವವರು ಯಾರು? ಭಾವ ಮೆಟ್ಟಿಲ ಬುಡದಿಂದ ತಿರುಗಿ ಬರುತ್ತಿದ್ದಾಗ ಅವರಿಗೆ ತಿರುಗಲು ಒಂದು ಮನೆಯಾದರೂ ಇತ್ತು. ಅಕ್ಕನಿಗೆ ಹೆದರಿಕೆ ಇದ್ದದ್ದೇ ಮನೆಯಲ್ಲಿ.

ಆ ವಾರವೇ ಕೇಂದ್ರದ ವ್ಯಾನು ಬಂತು. ಹಸಿರು ಸಮವಸ್ತ್ರದ ಇಬ್ಬರು ಹೆಂಗಸರು ಒಳಗೆ ಬಂದು, "ನಮಸ್ಕಾರ ಅಮ್ಮ, ಹೊರಡೋಣ್ವಾ?" ಎಂದರು. ಭಾವ ಆಗಲೇ ಅಂಗಿಯ ತೋಳು ಮಡಚಿ ನಿಂತಿದ್ದರು.

"ವ್ಯಾನಿನವರೆಗೂ ನಾನೇ," ಎಂದರು. "ಇದೊಂದು ಸಲ."

ಅಕ್ಕ ಅವರ ಮುಖ ನೋಡಿದಳು. ಆಮೇಲೆ ಆ ಹೆಂಗಸರ ಕಡೆ ಕಣ್ಣು ತೋರಿಸಿ, "ಇವರಿಬ್ಬರೇ ಎತ್ಲಿ ಬಿಡ್ರೀ," ಎಂದಳು ಭಾವನಿಗೆ.

ಮನೆ ಇಕ್ಕಟ್ಟು. ಆ ಹೆಂಗಸರಿಗೆ ಜಾಗ ಬೇಕೆಂದು ಭಾವ ಮೂಲೆಗೆ ಒತ್ತಿಕೊಂಡು ನಿಂತರು. ಆ ಇಬ್ಬರೂ ಏನೋ ಹರಟುತ್ತಲೇ ಅಕ್ಕನನ್ನು ಎತ್ತಿದರು, ಅಷ್ಟೇನೂ ಜೋಪಾನವಾಗಿ ಅಲ್ಲ, ಅವಳ ಕಾಲು ಬಾಗಿಲ ಚೌಕಟ್ಟಿಗೆ ತಾಕಿತು ಕೂಡ. ಆದರೆ ಅಕ್ಕ ಕಣ್ಣು ಮುಚ್ಚಲಿಲ್ಲ. ಅವರ ತೋಳಿನಲ್ಲಿ ಆರಾಮಾಗಿ ಕಣ್ಣು ಬಿಟ್ಟುಕೊಂಡೇ ಹೋದಳು. ಅದನ್ನು ನಾನು ನೋಡಿದೆ, ಭಾವನೂ ನೋಡಿದರು. ನೋಡಿ, ಅವಳ ಬಟ್ಟೆಯ ಚೀಲ ತೆಗೆದುಕೊಂಡು ಅವರ ಹಿಂದೆ ನಡೆದರು.