ಕೆಂಪು ಅಳಿಸಿದ ಇಳಿಜಾರು

ರಾಮದುರ್ಗದಲ್ಲಿ ನಾನು ಭೂಮಾಪಕಿಯಾಗಿ ಸೇರಿದಾಗ ಕೆಲಸ ಕಲಿಸಿದವರು ನನ್ನ ಮೇಲಧಿಕಾರಿ. ‘ತಂಗಿ’ ಎಂದೇ ಕರೆಯುತ್ತಿದ್ದರು. ನನ್ನ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಂತವರೂ ಅವರೇ.

ಗುಡ್ಡ ಕುಸಿಯಬಹುದಾದ ಜಾಗಗಳ ನಕ್ಷೆ ಮಾಡುವ ಕೆಲಸ ಬಂದಾಗ ಇಬ್ಬರೂ ಗುಡ್ಡದಡಿಯ ಒಂದು ಹಳ್ಳಿಯಲ್ಲಿ ನಾಲ್ಕು ದಿನ ಓಡಾಡಿದೆವು. ಅಲ್ಲಿನ ಒಬ್ಬ ಅಜ್ಜಿ ಇಳಿಜಾರಿನಲ್ಲಿ ಬಿದ್ದಿದ್ದ ದೊಡ್ಡ ಬಂಡೆಯೊಂದನ್ನು ತೋರಿಸಿದಳು.

“ನಾ ಸಣ್ಣಾಕಿ ಇದ್ದಾಗ ಮಳಿಯೊಳಗ ಇದು ಮ್ಯಾಲಿಂದ ಉಳ್ಳಿ ಬಂತ್ರಿ ಅಕ್ಕಾರ. ನಮ್ಮ ಎತ್ತು ಇದರ ಬುಡಕ ಹೋದುವು.”

ಆ ಇಳಿಜಾರಿಗೆ ನಾನೇ ಕೆಂಪು ಬಳಿದೆ. ಅಲ್ಲಿ ಮನೆ ಕಟ್ಟಕೂಡದು ಎಂದರ್ಥ.

ಮರುವರ್ಷ ಮನೆಯಿಲ್ಲದವರಿಗೆ ಜಾಗ ಹಂಚಲು ಪಂಚಾಯಿತಿ ಸಭೆ ಸೇರಿತು. ಗೋಡೆಯ ಮೇಲಿನ ನಕ್ಷೆಯಲ್ಲಿ ಆ ಇಳಿಜಾರು ಹಳದಿಯಾಗಿತ್ತು. ಎಚ್ಚರದಿಂದ ಕಟ್ಟಬಹುದು ಎಂಬ ಬಣ್ಣ.

“ಸರ್, ಇದು ನಾವು ಮಾಡಿದ್ದಲ್ರಿ,” ಎಂದೆ.

ಮೇಲಧಿಕಾರಿ ನನ್ನತ್ತ ನೋಡಲಿಲ್ಲ. “ತಿದ್ದುಪಡಿ ಆಗೇತಿ ತಂಗಿ. ನಿನ್ನ ಸಹಿನೂ ಐತಿ, ನೋಡು.”

ಇತ್ತು. ಅವರು ಮುಂದಿಟ್ಟ ಹಾಳೆಗಳಿಗೆ ನಾನು ಓದದೆ ಸಹಿ ಹಾಕುತ್ತಿದ್ದೆ. ಬೇರೆ ಯಾರೇ ಕೊಟ್ಟಿದ್ದರೂ ಓದುತ್ತಿದ್ದೆ.

ಅಜ್ಜಿ ಎದ್ದು ನಿಂತಳು. “ಕಟ್ಟಬಹುದೇನ್ರಿ ಅಕ್ಕಾರ?”

“ಬ್ಯಾಡ್ರಿ,” ಎಂದೆ. ನನ್ನದೇ ಸಹಿ ತೋರಿಸಿದ ಮೇಲೆ ಆ ಮಾತಿಗೆ ಕಿಮ್ಮತ್ತಿರಲಿಲ್ಲ. ಮೇಲಿನವರಿಗೆ ಬರೆದೆ, ಉತ್ತರ ಬರಲಿಲ್ಲ. ಎಂಟು ಮನೆಗಳೆದ್ದವು. ಒಂದು ಅಜ್ಜಿಯ ಮಗಳದು.

ಎರಡನೆಯ ಮಳೆಗಾಲದಲ್ಲಿ ಐದು ದಿನ ಬಿಡದೆ ಸುರಿಯಿತು. ಒಂದು ಮುಂಜಾನೆ ಅಜ್ಜಿ ಫೋನು ಮಾಡಿದಳು. “ಮ್ಯಾಲ ನೆಲ ಬಿರುಕ ಬಿಟ್ಟೈತ್ರಿ. ಕೈ ಒಳಗ ಹೋಗತೈತಿ.”

“ಎಲ್ಲಾರ್ನೂ ಸಾಲಿಗೆ ಕರಕೊಂಡು ಹೋಗ್ರಿ. ಈಗಿಂದೀಗ!”

ಆಕೆ ಎಂಟೂ ಮನೆಗಳ ಬಾಗಿಲು ಬಡಿದಳು. ಹೊರಡಲೊಲ್ಲೆ ಎಂದ ಅಳಿಯನನ್ನು ಬೈದು ಶಾಲೆಗೆ ಎಳೆದೊಯ್ದಳಂತೆ. ನಾನು ತಲುಪುವಷ್ಟರಲ್ಲಿ ಮೂರು ಮನೆಗಳು ಮಣ್ಣಿನಡಿ ಹೋಗಿದ್ದವು. ಯಾರ ಜೀವವೂ ಹೋಗಿರಲಿಲ್ಲ.

ವಿಚಾರಣೆಯಲ್ಲಿ ಓದದೆ ಸಹಿ ಹಾಕಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಇಬ್ಬರೂ ಅಮಾನತಾದೆವು. ನಕ್ಷೆ ಸರಿಯಾಯಿತು; ಆ ಕುಟುಂಬಗಳಿಗೆ ರಸ್ತೆ ಬದಿಯ ಸಮತಟ್ಟು ಜಾಗ ಸಿಕ್ಕಿತು.

ಕಚೇರಿಯ ಮೆಟ್ಟಿಲಲ್ಲಿ ಅವರು ಎದುರಾದಾಗ ಕೇಳಿದೆ: “ಯಾಕ ಹಿಂಗ ಮಾಡಿದ್ರಿ ಸರ್?”

“ಪಂಚಾಯಿತಿ ಅಧ್ಯಕ್ಷರು ಭಾಳ ಒತ್ತಾಯ ಮಾಡಿದ್ರು. ನೀ ಓದಂಗಿಲ್ಲ ಅಂತ ನನಗ ಗೊತ್ತಿತ್ತು.”

ಒತ್ತಾಯದ ಮಾತನ್ನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಎರಡನೆಯ ಮಾತನ್ನು ಇವತ್ತಿಗೂ ಕ್ಷಮಿಸಲಾಗಿಲ್ಲ. ಅವರ ಓಣಿಯಲ್ಲಿ ಹಾಯುವುದನ್ನೇ ಬಿಟ್ಟಿದ್ದೇನೆ.